ಹುಡುಗಿ ಯಾವ ಜಾತಿ ಎಂದು ಕೇಳುವ ಕಥೋಲಿಕರೇ

ಮೊನ್ನೆ ನೆಂಟರ ಮನೆಯೊಂದರಲ್ಲಿ ಹುಡುಗಿಯೊಬ್ಬಳ ಬಯೋಡೇಟಾ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಎಂ.ಎಸ್ಸಿ. ನರ್ಸಿಂಗ್, ಕುವೈತಿನಲ್ಲಿ ಕೆಲಸ, ಇಗರ್ಜಿಯಲ್ಲಿ ಚೆನ್ನಾಗಿ ಹಾಡುತ್ತಾಳಂತೆ. ಎಲ್ಲರಿಗೂ ಒಪ್ಪಿಗೆ. ಅಷ್ಟರಲ್ಲಿ ಮನೆಯ ಯಜಮಾನರು ಕನ್ನಡಕ ಸರಿಮಾಡಿಕೊಂಡು ಕೇಳಿಯೇಬಿಟ್ಟರು: "ಬಾಮಣರಾ, ಸುದಿರರಾ?" ಸಂಬಂಧ ತಂದಿದ್ದ ರೈಬಾರಿ ದನಿ ತಗ್ಗಿಸಿ ಉತ್ತರ ಕೊಟ್ಟ. ಮಾತು ಅಲ್ಲಿಗೇ ನಿಂತಿತು. ಸಂಜೆ ಅದೇ ಚಾವಡಿಯಲ್ಲಿ ಎಲ್ಲರೂ ಮೊಣಕಾಲೂರಿ ಜಪಸರ ಹೇಳಿದರು.

ಮಂಗಳೂರು, ಉಡುಪಿ ಕಡೆಯ ಕಥೋಲಿಕರಿಗೆ ಇದೇನು ಹೊಸ ಸುದ್ದಿಯೇ? ಬಾಮಣ್, ಚಾರೊಡಿ, ಸುದಿರ್ ಎಂಬ ಲೆಕ್ಕ ಪೂಜೆಯ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ, ಮದುವೆ ಮಾತು ಬಂದೊಡನೆ ಎಲ್ಲರಿಗೂ ಬಾಯಿಪಾಠ. 1784ರಲ್ಲಿ ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಥೆ ಹೇಳುವಾಗ ಎದೆ ತಟ್ಟಿಕೊಂಡು "ನಮ್ಮ ಜನ" ಎನ್ನುತ್ತೀರಲ್ಲ, ಆ ಜನದಲ್ಲಿ ಈ ಹುಡುಗಿಯ ಮುತ್ತಜ್ಜ ಇರಲಿಲ್ಲವೇ?

ಧರ್ಮಸಭೆಯ ಕಾನೂನನ್ನೇ ನೋಡಿ. 1983ರ ಸಂಹಿತೆ ಮದುವೆಯನ್ನು ಅಸಿಂಧುಗೊಳಿಸುವ 12 ಅಡ್ಡಿಗಳನ್ನು ಹೇಳುತ್ತದೆ: ವಯಸ್ಸು, ರಕ್ತಸಂಬಂಧ, ಮೊದಲಿನ ಮದುವೆ, ಗುರುದೀಕ್ಷೆ ಮುಂತಾಗಿ. ಜಾತಿ ಅದರಲ್ಲಿಲ್ಲ. ಹದಿಮೂರನೆಯದನ್ನು ಸೇರಿಸಲು ನಿಮಗೆ ಅಧಿಕಾರ ಕೊಟ್ಟವರಾರು? ರೋಮಿನ ಕೈಯೂ ಪೂರ್ತಿ ಶುದ್ಧವಿಲ್ಲ ಬಿಡಿ. 1623ರಲ್ಲಿ ಜಗದ್ಗುರು ಹದಿನೈದನೇ ಗ್ರೆಗರಿ ಮತಾಂತರಗೊಂಡ ಬ್ರಾಹ್ಮಣರಿಗೆ ಜನಿವಾರ, ಜುಟ್ಟು ಉಳಿಸಿಕೊಳ್ಳಲು ಅನುಮತಿ ಕೊಟ್ಟಿದ್ದರು. ಆದರೆ 2016ರಲ್ಲಿ ಭಾರತದ ಬಿಷಪರ ಮಂಡಳಿಯೇ ದಲಿತ ಕ್ರೈಸ್ತರಿಗಾಗಿ ನೀತಿಯೊಂದನ್ನು ಹೊರಡಿಸಿ, ಸಭೆಯೊಳಗೂ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. ನಮ್ಮ ಇಗರ್ಜಿಯ ಪ್ರಸಂಗದಲ್ಲಿ ಅದರ ಸೊಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಓದು ಬರಹ ಇಲ್ಲದವರನ್ನು ನಾನು ಬೈಯುತ್ತಿಲ್ಲ. ನನ್ನ ಸಿಟ್ಟೆಲ್ಲ ದುಬೈ, ಟೊರಾಂಟೊ ಕಂಡು ಬಂದು, "ನನಗೇನೂ ಇಲ್ಲಪ್ಪ, ನಾಳೆ ಜನ ಏನಂದಾರು" ಎಂದು ನುಣುಚಿಕೊಳ್ಳುವವರ ಮೇಲೆ. ಆ ಜನ ಬೇರೆ ಯಾರೂ ಅಲ್ಲ ಸ್ವಾಮೀ, ನೀವೇ. ಅಲ್ಲಿ ಬಿಳಿಯರು ಮುಖ ತಿರುಗಿಸಿದರೆ ವರ್ಣಭೇದ ಎಂದು ಹುಯಿಲಿಡುತ್ತೀರಿ. ಇಲ್ಲಿ ನಿಮ್ಮ ಪಕ್ಕದಲ್ಲೇ ಪರಮಪ್ರಸಾದ ತೆಗೆದುಕೊಂಡವಳನ್ನು ಒಂದೇ ಪ್ರಶ್ನೆಯಿಂದ ಹೊಸಿಲಾಚೆ ತಳ್ಳುತ್ತೀರಿ. ಜ್ಞಾನಸ್ನಾನದ ನೀರಿನಲ್ಲಿ ತೊಳೆದುಹೋಗದ ಕೊಳೆ ಆಕೆಯ ಮೈಮೇಲೆ ಏನು ಕಂಡಿತು ನಿಮಗೆ?

ಗುರುಗಳೇ, ಮದುವೆ ತಯಾರಿಯ ಶಿಬಿರಕ್ಕೆ ಹುಡುಗ ಹುಡುಗಿಯನ್ನಷ್ಟೇ ಕರೆದರೆ ಸಾಲದು, ಅಪ್ಪ ಅಮ್ಮನನ್ನೂ ಕೂರಿಸಿ ಇದನ್ನು ಮುಖಕ್ಕೆ ಹೊಡೆದಂತೆ ಹೇಳಿ. ಗುರ್ಕಾರರೇ, ವಾಳೆಯ ಕೂಟದಲ್ಲಿ ಈ ಮಾತು ಎತ್ತಿ. ಮಕ್ಕಳೇ, ಹೆತ್ತವರು ಆ ಪ್ರಶ್ನೆ ಕೇಳುವಾಗ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂರಬೇಡಿ. ಈಸ್ಟರ್ ಕಳೆದರೆ ಮತ್ತೆ ಮದುವೆಗಳ ಕಾಲ, ಬಯೋಡೇಟಾಗಳು ಈಗಲೇ ಹೊರಟಿವೆ. ನಿಮ್ಮದರಲ್ಲಿ ಜಾತಿಯ ಸಾಲು ಇದ್ದರೆ ಇವತ್ತೇ ಅಳಿಸಿ ಕಳಿಸಿ.