ಕಾಯುವ ಕವಚ

ಓದಲೆಂದು ಅಮೆರಿಕಕ್ಕೆ ಹೋಗಿ, ಈಗ ಕೊಲೊರಾಡೊ ರಾಜ್ಯದ ಒಂದು ಸಣ್ಣ ಊರಿನಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನಿಂದ ಕಳೆದ ವಾರ ಪತ್ರ ಬಂದಿತು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ಬರೆದಿದ್ದ ಸಂಗತಿ ಇದು. ಅವನಿಗೆ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ವೃದ್ಧರು ಹಳೆಯ ಬೇಟೆಗಾರರು. ನಲವತ್ತು ವರ್ಷ ಬರಿಗಿವಿಯಲ್ಲಿ ಕೋವಿ ಹಾರಿಸಿದುದರ ಫಲವಾಗಿ ಈಗ ಅವರಿಗೆ ಎರಡು ಕಿವಿಯೂ ಮಂದ. ಮೊಮ್ಮಗಳಿಗೆ ಬೇಟೆ ಕಲಿಸುವ ಕಾಲ ಬಂದಾಗ, ತಮ್ಮ ಗತಿ ಅವಳಿಗೆ ಬರಬಾರದೆಂದು ರೈಫಲಿನ ಮೂತಿಗೆ ತೊಡಿಸುವ ಸದ್ದಡಗಿಸುವ ಕೊಳವೆಯೊಂದನ್ನು ಕೊಂಡರು. ಅದು ಕಾದು ಹುಡುಗಿಯ ಕೈ ಸುಟ್ಟೀತೆಂದು ಅದರ ಮೇಲೆ ಉಷ್ಣ ತಡೆಯುವ ಬಟ್ಟೆಯ ಕವಚವನ್ನೂ ಹಾಕಿದರು. ಅವರ ಮೈದುನ ಬಂದು, “ಈ ಕವಚ ಕೊಳವೆಯನ್ನು ಸವೆಸಿಬಿಡುತ್ತದೆ, ತೆಗೆದು ಬಿಸಾಡು” ಎಂದನಂತೆ. “ಗುರುಗಳೆ, ಇಬ್ಬರಲ್ಲಿ ಯಾರ ಮಾತು ನಿಜ?” ಎಂದು ಶಿಷ್ಯನ ಪ್ರಶ್ನೆ.

ಪಂಪ ರನ್ನರ ಪಾಠ ಹೇಳಿ ಹೊಟ್ಟೆ ಹೊರೆಯುವವನನ್ನು ಬಂದೂಕಿನ ವಿಷಯ ಕೇಳುವುದೆ ಎಂದು ವಾಚಕರು ನಗಬಹುದು. ನಾನೂ ನಕ್ಕೆ. ಆದರೆ ಮೊಮ್ಮಗಳ ಕಿವಿಯ ಮಾತು ಮನಸ್ಸಿನಲ್ಲಿ ನಾಟಿಕೊಂಡಿತು. ಒಂದಿಷ್ಟು ಓದಿದೆ, ಓದಿ ತಿಳಿಯದುದನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿ ತಿಳಿದುಕೊಂಡೆ.

ಈ ಕೊಳವೆಯ ಚರಿತ್ರೆಯೇ ಒಂದು ಕಥೆಯಂತಿದೆ. 1884ರಲ್ಲಿ ತನ್ನಷ್ಟಕ್ಕೆ ತಾನೇ ಗುಂಡು ತುಂಬಿಕೊಂಡು ಹಾರಿಸುವ ಮೆಷಿನ್ ಗನ್ನನ್ನು ನಿರ್ಮಿಸಿದವನು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ತನ್ನ ಬಂದೂಕುಗಳ ಅಬ್ಬರವನ್ನು ಕೇಳಿ ಕೇಳಿ ಅವನು ಮುಪ್ಪಿನಲ್ಲಿ ಕಿವುಡನಾದನು. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್‌ನೇ ಬಂದೂಕಿನ ಸದ್ದಡಗಿಸುವ ಸಾಧನಕ್ಕೆ 1909ರಲ್ಲಿ ಅಮೆರಿಕದ ಪೇಟೆಂಟ್ ಪಡೆದವನು. ತಂದೆ ಲೋಕಕ್ಕೆ ಸದ್ದನ್ನು ಕೊಟ್ಟ. ಮಗ ಅದನ್ನು ತಗ್ಗಿಸುವ ಉಪಾಯವನ್ನು ಕೊಟ್ಟ. 1934ರಲ್ಲಿ ಅಮೆರಿಕ ಸರ್ಕಾರ ಇದರ ಮೇಲೆ 200 ಡಾಲರ್ ತೆರಿಗೆ ಹಾಕಿ ನೋಂದಣಿಯನ್ನು ಕಡ್ಡಾಯ ಮಾಡಿತು. 2025ರ ಕಾನೂನಿನಿಂದಾಗಿ 2026ರ ಜನವರಿ 1ರಿಂದ ಆ ತೆರಿಗೆ ಶೂನ್ಯಕ್ಕಿಳಿಯಿತು. ನೋಂದಣಿ ಮಾತ್ರ ಉಳಿಯಿತು. ಸವೆದರೆ ಅಂಗಡಿಗೆ ಹೋಗಿ ಇನ್ನೊಂದನ್ನು ತರುವಷ್ಟು ಸುಲಭದ ವಸ್ತುವಲ್ಲ. ಮೈದುನನ ಆತಂಕ ಅಕಾರಣವೆಂದು ಹೇಳುವಂತಿಲ್ಲ.

ಈಗ ಕೊಳವೆಯ ಒಳಗೆ ನಡೆಯುವುದನ್ನು ನೋಡೋಣ. ಗುಂಡಿನ ಬೆನ್ನಟ್ಟಿ ಬರುವ ಬೆಂಕಿಯಂಥ ಅನಿಲ ಒಮ್ಮೆಗೇ ಹೊರಗೆ ನುಗ್ಗುವುದರಿಂದಲೇ ಆ ಸಿಡಿಲಿನಂಥ ಸದ್ದು. ಕೊಳವೆಯೊಳಗೆ ಸಾಲಾಗಿ ತಡೆಬಿಲ್ಲೆಗಳಿರುತ್ತವೆ. ಅವುಗಳ ನಡುವಣ ರಂಧ್ರದಲ್ಲಿ ಗುಂಡು ದಾಟಿ ಹೋಗುತ್ತದೆ. ಅನಿಲ ಮಾತ್ರ ಬಿಲ್ಲೆಯಿಂದ ಬಿಲ್ಲೆಗೆ ಸುತ್ತಿ ಸುಳಿದು, ಆವೇಶವನ್ನು ಕಳೆದುಕೊಂಡು ಮೆಲ್ಲಗೆ ಹೊರಬೀಳುತ್ತದೆ. ಹಾಗೆ ಸುಳಿಯುವಾಗ ತನ್ನ ಉಷ್ಣವನ್ನು ಲೋಹಕ್ಕೆ ಒಪ್ಪಿಸುತ್ತದೆ. ಬಿಡುವಿಲ್ಲದೆ ಗುಂಡು ಹಾರಿಸಿದರೆ ಕೊಳವೆಯ ಹೊರಮೈ ನೂರಾರು ಡಿಗ್ರಿ ಕಾಯುತ್ತದೆ. ಅದರಿಂದೇಳುವ ಬಿಸಿಗಾಳಿ ದೂರದರ್ಶಕದ ಮುಂದೆ ನಡುಗಿ, ಗುರಿಯನ್ನು ಬಿಸಿಲ್ಗುದುರೆಯಂತೆ ಕುಣಿಸುತ್ತದೆ. ಕವಚ ಹುಟ್ಟಿದುದು ಈ ಎರಡು ತೊಂದರೆಗಳಿಗಾಗಿ: ಕೈ ಸುಡಬಾರದು, ಕಣ್ಣು ಮೋಸಹೋಗಬಾರದು.

ನಮ್ಮ ಅಡುಗೆಮನೆಯ ಮಸಿಬಟ್ಟೆಯನ್ನು ನೆನೆಯಿರಿ. ಅದು ಇರುವುದು ಕೈಗಾಗಿ, ಪಾತ್ರೆಗಾಗಿ ಅಲ್ಲ. ಈ ಕವಚವೂ ಹಾಗೆಯೇ. ಆದರೆ ಮಸಿಬಟ್ಟೆಯನ್ನು ಯಾರೂ ಪಾತ್ರೆಗೆ ಸುತ್ತಿ ಒಲೆಯ ಮೇಲಿಡುವುದಿಲ್ಲ! ಇಲ್ಲಿಯೇ ಮೈದುನನ ಮಾತಿನಲ್ಲಿರುವ ಸತ್ಯಾಂಶ.

ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಇರುವ ಬಿಸಿಯನ್ನು ಹೋಗಗೊಡುವುದಿಲ್ಲ. ಕವಚ ತೊಟ್ಟ ಕೊಳವೆ ಗಾಳಿಗೆ ಮೈಯೊಡ್ಡಿ ಆರಲಾರದು. ಕೊಳವೆಯ ನಿಜವಾದ ಸವೆತ ನಡೆಯುವುದು ಹೊರಗಲ್ಲ, ಒಳಗೆ. ಬಂದೂಕಿನ ಮೂತಿಗೆ ಸಮೀಪದ ಮೊದಲ ಬಿಲ್ಲೆಯ ಮೇಲೆ ಅತಿ ಹೆಚ್ಚು. ಉರಿಯುವ ಅನಿಲವೂ ಪೂರ್ತಿ ಉರಿಯದ ಮದ್ದಿನ ಕಣಗಳೂ ಮರಳಿನಂತೆ ಅಲ್ಲಿಗೆ ಬಡಿಯುತ್ತವೆ. ಲೋಹ ಕಾದಷ್ಟೂ ಅದರ ಬಲ ಕುಗ್ಗುತ್ತದೆ, ಬಡಿತಕ್ಕೆ ಬೇಗ ಸೋಲುತ್ತದೆ. ಹಗುರವೆಂದು ಹೆಸರಾದ ಟೈಟಾನಿಯಮ್ ಮಿಶ್ರಲೋಹ ಸುಮಾರು 400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೆಚ್ಚಿಕೆಗೆ ಅರ್ಹವಲ್ಲ. ಇನ್ಕೊನೆಲ್, ಸ್ಟೆಲೈಟ್ ಮೊದಲಾದ ಲೋಹಗಳು ಇನ್ನೂ ಹೆಚ್ಚು ತಾಳುತ್ತವೆ. ಆದುದರಿಂದ ಎಡೆಬಿಡದೆ ಗುಂಡಿನ ಮಳೆಗರೆಯುವವನು ಕವಚ ತೊಡಿಸಿದರೆ ಸವೆತ ಹೆಚ್ಚುವುದರಲ್ಲಿ ಸಂದೇಹವಿಲ್ಲ. ಅಂಥವನ ಕೈಯಲ್ಲಿ ಕವಚವೂ ಉಳಿಯುವುದಿಲ್ಲ. ನೈಲಾನ್ ಸುಮಾರು 220ರಿಂದ 260 ಡಿಗ್ರಿಯೊಳಗೆ ಕರಗಿ ಕೊಳವೆಗೆ ಅಂಟಿಕೊಳ್ಳುತ್ತದೆ.

ಆದರೆ ಬೇಟೆಗಾರನ ರೀತಿ ಬೇರೆ. ದಿನವೆಲ್ಲ ಅಲೆದು ಒಂದೆರಡು ಗುಂಡು ಹಾರಿಸಿದರೆ ಹೆಚ್ಚು. ಅಷ್ಟರಲ್ಲಿ ಕೊಳವೆ ಬೆಚ್ಚಗಾದೀತೇ ಹೊರತು ಬಲಗುಂದದು. ಅವನ ಕವಚ ಒಳಗಿನ ಬಿಲ್ಲೆಯನ್ನು ಸವೆಸಿತೆಂದರೆ ಅದು ನಿರಪರಾಧಿಯ ಮೇಲೆ ಹೊರಿಸಿದ ಅಪವಾದ.

ಹಾಗೆಂದು ಕವಚ ಸರ್ವಥಾ ನಿರ್ದೋಷಿಯೂ ಅಲ್ಲ. ಮಳೆ ಮಂಜಿನಲ್ಲಿ ನೆನೆದ ಬಟ್ಟೆ ತೇವವನ್ನು ಹಿಡಿದಿಟ್ಟು ಉಕ್ಕಿಗೆ ತುಕ್ಕು ತರುತ್ತದೆ. ನಡುವೆ ಸೇರಿದ ಮರಳು ಹೊರಗಿನ ಬಣ್ಣವನ್ನು ಉಜ್ಜುತ್ತದೆ. ಇವಕ್ಕಿಂತ ಮುಖ್ಯವಾದ ಅಪಾಯ ಇನ್ನೊಂದು. ಗುಂಡಿನ ಅದುರಿಗೆ ಕೊಳವೆಯ ತಿರುಪು ಸಡಿಲವಾಗುವುದುಂಟು; ಕವಚದ ಮರೆಯಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಕೊಳವೆ ಓರೆಯಾದರೆ ಗುಂಡು ಬಿಲ್ಲೆಗೇ ತಗುಲುತ್ತದೆ. ಹತ್ತು ವರ್ಷಗಳ ಸವೆತ ಮಾಡದ ಹಾನಿಯನ್ನು ಆ ಒಂದು ಕ್ಷಣ ಮಾಡೀತು.

ಇನ್ನೊಂದು ಮಾತನ್ನು ಶಿಷ್ಯನಿಗೆ ಒತ್ತಿ ಬರೆದೆ. ರೈಫಲಿನ ಸದ್ದು ಸುಮಾರು 160 ಡೆಸಿಬೆಲ್. 140 ದಾಟಿದ ಒಂದೇ ಸ್ಫೋಟ ಕಿವಿಯನ್ನು ಕೆಡಿಸಬಲ್ಲುದು. ಈ ಕೊಳವೆ ತಗ್ಗಿಸುವುದು ಸಾಧಾರಣವಾಗಿ 20ರಿಂದ 35 ಡೆಸಿಬೆಲ್ ಮಾತ್ರ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯನ್ನು ಸೀಳುವ ಸದ್ದನ್ನಂತೂ ಯಾವ ಕೊಳವೆಯೂ ಅಡಗಿಸಲಾರದು. ಹೆಸರನ್ನು ನಂಬಿ ಮೊಮ್ಮಗಳ ಕಿವಿಯನ್ನು ಬರಿದೆ ಬಿಡಬಾರದು, ಕಿವಿಗೂ ಮುಚ್ಚಳವಿರಲಿ.

ಕನ್ನಡ ಮೇಷ್ಟರಾಗಿ ನನಗೆ ಕೊನೆಗೆ ಹೊಳೆದುದು ನಮ್ಮ ‘ಕಾಯು’ ಎಂಬ ಮಾತು. ಹಂಡೆಯ ನೀರು ಕಾಯುತ್ತದೆ. ಹುಡುಗ ದನ ಕಾಯುತ್ತಾನೆ. ನಾವು ಬಸ್ಸಿಗೆ ಕಾಯುತ್ತೇವೆ. ಕೊಳವೆ ಕಾಯುತ್ತದೆ, ಕವಚ ಕೈಯನ್ನು ಕಾಯುತ್ತದೆ. ಇನ್ನು ಉಳಿದುದು ಬಂದೂಕು ಹಿಡಿದವನು ಕಾಯುವುದು. ನಾಲ್ಕಾರು ಗುಂಡು ಹಾರಿಸಿದ ಮೇಲೆ ಕವಚ ಬಿಚ್ಚಿ, ಕೊಳವೆಯನ್ನು ಮುಟ್ಟದೆ, ಆರುವ ತನಕ ಕಾದು, ತಿರುಪನ್ನು ನೋಡಿ, ಒರಸಿ ಒಣಗಿಸಿದರೆ ಮೈದುನನೂ ಸುಖಿ, ಭಾವನೂ ಸುಖಿ.

ಇಷ್ಟಾದ ಮೇಲೂ ಕೊಳವೆ ಒಂದು ದಿನ ಸವೆಯುತ್ತದೆ. ಸವೆಯಲಿ ಎಂದೇ ಬರೆದೆ. ಅದನ್ನು ಕೊಂಡುದು ಅದಕ್ಕಾಗಿಯೇ ಅಲ್ಲವೆ? ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಅದಕ್ಕೆ ಬದಲಿ ಯಾವ ಅಂಗಡಿಯಲ್ಲಿಯೂ ಇಲ್ಲ. ತಾತನ ಕಿವಿ ಸವೆದುಹೋಯಿತು. ಮೊಮ್ಮಗಳ ಪಾಲಿಗೆ ಸವೆಯುವುದು ಲೋಹವಾಗಲಿ.