ಬರೆದವರೂ ತಲುಪಿಸುವವರೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಎಂಬ ಊರಿದೆ. ಅಲ್ಲಿಯ ಬಂಡೆಯೊಂದರ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಆ ಆಜ್ಞೆಯ ಪ್ರತಿಗಳು ನಾಡಿನ ಹಲವೆಡೆ ದೊರೆತಿವೆ. ಆದರೆ ಅವುಗಳ ಮಾತುಗಳು ಎಲ್ಲೆಡೆಯೂ ಒಂದೇ ಆಗಿಲ್ಲ. ಅದುವರೆಗಿನ ಶಾಸನಗಳಲ್ಲಿ ಬಿರುದುಗಳಿಂದಲೇ ಕಾಣಿಸಿಕೊಂಡಿದ್ದ ಅರಸನ ಹೆಸರು ಅಶೋಕನೆಂಬುದು ಮಸ್ಕಿಯ ಪ್ರತಿಯಿಂದ ತಿಳಿಯಿತು. ಆಜ್ಞೆಯನ್ನು ನುಡಿದವನು ಒಬ್ಬ. ಊರೂರಿಗೆ ತಲುಪಿಸಿದವರು ಬೇರೆ. ತಲುಪಿಸುವವರ ಕೈಯಲ್ಲಿ ಮಾತು ಅಷ್ಟಿಷ್ಟು ಬದಲಾಗುವುದು ಅಂದಿನಿಂದಲೂ ಉಂಟು.

ಇಂದು ಗಣಕಯಂತ್ರದ ಲೋಕದಲ್ಲಿಯೂ ಇದೇ ಪ್ರಶ್ನೆ ತಲೆದೋರಿದೆ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಬಗೆಯದು. ಇಂತಹ ಸಾವಿರಾರು ತಂತ್ರಾಂಶಗಳನ್ನು ಆಯ್ದು, ಪರೀಕ್ಷಿಸಿ, ಒಂದಕ್ಕೊಂದು ಹೊಂದಿಸಿ ಜನರಿಗೆ ಒದಗಿಸುವ ಬಳಗಗಳಿವೆ. 1993ರಲ್ಲಿ ಹುಟ್ಟಿದ ಡೆಬಿಯನ್ ಅವುಗಳಲ್ಲೊಂದು. “ನಮ್ಮ ಕೃತಿಯನ್ನು ತಿದ್ದಿ ಕೆಡಿಸುತ್ತಾರೆ, ಹಳೆಯದನ್ನೇ ಹಂಚುತ್ತಾರೆ, ದೂರು ಮಾತ್ರ ನಮಗೆ ಬರುತ್ತದೆ” ಎಂಬುದು ಬರೆದವರ ಅಳಲು. “ಇಡೀ ಯಂತ್ರವು ಸರಿಯಾಗಿ ನಡೆಯುವ ಹೊಣೆ ನಮ್ಮದು, ಹೊಸದೆಂದ ಮಾತ್ರಕ್ಕೆ ಹಾಗೆಯೇ ಕೊಡಲಾಗದು” ಎಂಬುದು ಹಂಚುವವರ ವಾದ.

ಯಾರ ಮಾತು ಸರಿ? ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವು ಗುಪ್ತ ಸಂದೇಶಗಳಿಗೆ ಬೇಕಾದ ಕೀಲಿಗಳನ್ನು ಸೃಷ್ಟಿಸುತ್ತದೆ. 2006ರಲ್ಲಿ ಡೆಬಿಯನ್ ಬಳಗದವರು ಅದರಲ್ಲಿ ಒಂದು ಚಿಕ್ಕ ತಿದ್ದುಪಡಿ ಮಾಡಿದರು. ಎಣಿಕೆಗೆ ಸಿಗದಷ್ಟು ಬಗೆಯಲ್ಲಿರಬೇಕಾದ ಕೀಲಿಗಳಿಗೆ, ಒಂದು ಬಗೆಯ ಯಂತ್ರದಲ್ಲಿ, ಒಂದೊಂದು ಅಳತೆಗೆ ಸುಮಾರು 32,000 ರೂಪಗಳಷ್ಟೇ ಉಳಿದವು. ಕಳ್ಳನು ಒಂದೊಂದನ್ನೇ ಹಾಕಿ ನೋಡಿ ಬೀಗ ತೆರೆಯಬಹುದಾಯಿತು! ತಪ್ಪು ಹೊರಬಿದ್ದುದು 2008ರಲ್ಲಿ. ತಿದ್ದುವ ಮುನ್ನ ಬರೆದವರ ಬಳಗವನ್ನು ವಿಚಾರಿಸಿದ್ದುದೂ ಉಂಟು. ಆದರೆ ಕೇಳಿದ ಪ್ರಶ್ನೆ ಪೂರ್ಣವಾಗಿರಲಿಲ್ಲ. ಬಂದ ಉತ್ತರ ಆಳವಾಗಿರಲಿಲ್ಲ.

ಹಾಗೆಂದು ಮೂಲದಿಂದ ಬಂದುದೆಲ್ಲ ನಿರ್ದೋಷವೆಂದು ನಂಬುವಂತಿಲ್ಲ. ಎಕ್ಸ್‌ಝಡ್ ಎಂಬ ತಂತ್ರಾಂಶದ ಪಾಲನೆಯಲ್ಲಿ ವಿಶ್ವಾಸ ಗಳಿಸಿಕೊಂಡವರೇ ಅದರೊಳಗೆ ಕಳ್ಳಬಾಗಿಲನ್ನಿಟ್ಟಿದ್ದರು. 2024ರಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಸುಮಾರು ಅರ್ಧ ಸೆಕೆಂಡಿನ ವಿಳಂಬದ ಜಾಡು ಹಿಡಿದು ಅದನ್ನು ಪತ್ತೆಹಚ್ಚಿದರು. ಹೊಸದಕ್ಕೆ ಅವಸರಪಡದ ಡೆಬಿಯನ್ನಿನ ಸ್ಥಿರ ಆವೃತ್ತಿಯು ಆ ಅಪಾಯದಿಂದ ಪಾರಾಯಿತು.

ಆದುದರಿಂದ ಒಬ್ಬರು ಒಡೆಯರು, ಇನ್ನೊಬ್ಬರು ಆಳುಗಳು ಎಂಬ ಭಾವನೆ ಇಲ್ಲಿ ಸಲ್ಲದು. ತಿದ್ದುವ ಸ್ವಾತಂತ್ರ್ಯವನ್ನು ಕೊಟ್ಟವರು, ತಿದ್ದಿದರೆಂದು ಮುನಿಯಬಾರದು. ತಿದ್ದುವವರು ಏಕೆ ತಿದ್ದಿದೆವೆಂಬುದನ್ನು ಮೂಲಕರ್ತರಿಗೆ ಬಿಡಿಸಿ ಹೇಳದೆ ಇರಬಾರದು. ಮಸ್ಕಿಯ ಬಂಡೆಯನ್ನು ಕೊರೆದವನಿಗೆ ದೂರದ ಪಾಟಲಿಪುತ್ರದ ಅರಸನನ್ನು ಕೇಳುವುದು ಸುಲಭವಾಗಿರಲಿಲ್ಲ. ಇಂದು ಪ್ರಶ್ನೆಯೊಂದು ಸಾಗರವನ್ನು ದಾಟಲು ಕ್ಷಣಮಾತ್ರ ಸಾಕು. ಕೇಳದಿರುವುದಕ್ಕಾಗಲಿ, ಕೇಳಿದಾಗ ಗಮನವಿಟ್ಟು ಉತ್ತರಿಸದಿರುವುದಕ್ಕಾಗಲಿ ಈಗ ನೆಪವುಳಿದಿಲ್ಲ.