ನೆಲ ಕಳೆದುಕೊಂಡ ಚಿತ್ರಮಂದಿರ, ನೆಲವಿಲ್ಲದೆ ಉಳಿದ ನಾಟಕ ಕಂಪನಿ

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಸಿನಿಮಾ ಟಿಕೆಟ್ ದರಕ್ಕೆ ತೆರಿಗೆ ಹೊರತುಪಡಿಸಿ 200 ರೂಪಾಯಿಗಳ ಮಿತಿ ವಿಧಿಸಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ದರದ ಈ ಜಗ್ಗಾಟದಲ್ಲಿ ಮೂಲ ಸಂಗತಿಯೊಂದು ಮರೆಯಾಗಿದೆ. ಜನಸಾಮಾನ್ಯರ ಮನರಂಜನೆಯ ಅಳಿವು-ಉಳಿವನ್ನು ನಿರ್ಧರಿಸುವುದು ಟಿಕೆಟ್ಟಿನ ಬೆಲೆಗಿಂತ ಹೆಚ್ಚಾಗಿ ನೆಲದ ಬೆಲೆ.

ಬೆಂಗಳೂರನ್ನೇ ನೋಡಿ. ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ಆರಂಭವಾದ ಪ್ಲಾಜಾ ಇದ್ದಲ್ಲಿ ಇಂದು ಮೆಟ್ರೋ ನಿಲ್ದಾಣವಿದೆ. ಕೆಂಪೇಗೌಡ ರಸ್ತೆಯ ಸಾಗರ್ ಜವಳಿ ಮಳಿಗೆಗೆ ಜಾಗ ಬಿಟ್ಟುಕೊಟ್ಟಿತು. 1968ರ ಕಪಾಲಿ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ, ಸದಾಶಿವನಗರದ ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿದವು. ಬಾಲ್ಕನಿಯವರೂ ಗಾಂಧಿ ಕ್ಲಾಸಿನವರೂ ಒಂದೇ ಸೂರಿನಡಿ ಕುಳಿತು ನಗುತ್ತಿದ್ದ ಕಾಲ ನೆನಪಾಗಿ ಉಳಿದಿದೆ. ಮಲ್ಟಿಪ್ಲೆಕ್ಸ್‌ಗಳ ಪೈಪೋಟಿ ಇದಕ್ಕೆ ಒಂದು ಕಾರಣ. ನಗರದ ನಡುವಿನ ನಿವೇಶನಕ್ಕೆ ಬಂದ ಬೆಲೆಯನ್ನು ದಿನಕ್ಕೆ ನಾಲ್ಕು ಆಟಗಳ ಗಳಿಕೆ ಸರಿಗಟ್ಟಲಾರದು ಎಂಬುದು ಇನ್ನೊಂದು.

ಇದಕ್ಕೆ ವ್ಯತಿರಿಕ್ತ ಚಿತ್ರ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿದೆ. ಬನದ ಹುಣ್ಣಿಮೆಯ ರಥೋತ್ಸವದೊಂದಿಗೆ ಕಳೆಗಟ್ಟುವ ಇಲ್ಲಿನ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಮರದ ಬಾಗಿಲು-ಚೌಕಟ್ಟು, ಬಳೆ, ಖಣಗಳ ವ್ಯಾಪಾರದ ಜತೆಗೆ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ರಂಗಮಂದಿರ ಕಟ್ಟುತ್ತವೆ. ಹಗಲು ತೇರು, ಸಂತೆ, ರಾತ್ರಿ ನಾಟಕ. ಸಿನಿಮಾ, ಟಿವಿ, ಮೊಬೈಲ್‌ಗಳ ಹೊಡೆತವನ್ನು ತಾಳಿಕೊಂಡು ಇವು ಉಳಿದಿವೆ. ಕಾರಣ ಸರಳ. ಕಂಪನಿಗೆ ಸ್ವಂತ ನೆಲವಿಲ್ಲ, ಆದ್ದರಿಂದ ಮಾರುವ ಪ್ರಶ್ನೆಯೂ ಇಲ್ಲ. ಜನ ಸೇರಿದಲ್ಲಿಗೆ ಅದೇ ಹೋಗುತ್ತದೆ.

ಆದರೆ ಈ ಶಕ್ತಿಯೇ ಅದರ ದೌರ್ಬಲ್ಯವೂ ಹೌದು. ಊರೂರು ಸುತ್ತುವ ಕಂಪನಿಗೆ ದೊಡ್ಡ ಜಾತ್ರೆಯೆಂದರೆ ಸುಗ್ಗಿ. ಆ ದಿನಗಳ ಗಳಿಕೆ ಮಳೆಗಾಲದ ಖಾಲಿ ಕುರ್ಚಿಗಳ ನಷ್ಟವನ್ನೂ ತುಂಬಬೇಕು. ಜಾಗದ ಬಾಡಿಗೆ, ವಿದ್ಯುತ್, ಸಾಗಾಟ, ಕಲಾವಿದರ ಸಂಬಳಗಳಲ್ಲಿ ಯಾವುದೂ ನಿಲ್ಲುವುದಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್ ರಂಗಮಂದಿರಗಳನ್ನು ಮುಚ್ಚಿಸಿತು. 2022ರ ಜನವರಿಯಲ್ಲಿ ಕೋವಿಡ್ ಮೂರನೇ ಅಲೆಯ ನಿರ್ಬಂಧಗಳು ಜಾತ್ರೆಯ ಹೊತ್ತಿಗೇ ಎರಗಿದವು. ನಗರದ ಚಿತ್ರಮಂದಿರದ ಮಾಲೀಕನಿಗೆ ಕೊನೆಗೆ ನಿವೇಶನವಾದರೂ ಉಳಿಯಿತು. ನಾಟಕದವರಿಗೆ ಉಳಿದದ್ದು ತಗಡು, ಪರದೆ ಮತ್ತು ಸಾಲ.

ವರನಟ ರಾಜಕುಮಾರ್ ವೃತ್ತಿ ರಂಗಭೂಮಿಯಿಂದಲೇ 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕರಾಗಿ ಬೆಳ್ಳಿತೆರೆಗೆ ಬಂದರು. ಕನ್ನಡ ಸಿನಿಮಾಕ್ಕೆ ನಟರನ್ನು ಕೊಟ್ಟ ಆ ರಂಗಭೂಮಿಗೆ ಬೇಕಿರುವುದು ಸನ್ಮಾನದ ಶಾಲು ಮಾತ್ರವಲ್ಲ. ಜಾತ್ರೆಯಲ್ಲಿ ನಿಗದಿತ ಜಾಗ, ಕೈಗೆಟಕುವ ಬಾಡಿಗೆ, ಜಾತ್ರೆ ನಿಂತ ವರ್ಷ ತುಸು ಆಸರೆ ದೊರೆತರೆ ಸಾಕು. ಬೆಂಗಳೂರಿನಲ್ಲಿ ಕಳೆದುಹೋದದ್ದನ್ನು ಮರಳಿ ತರುವುದು ಕಷ್ಟ. ಚೊಳಚಗುಡ್ಡದಲ್ಲಿ ಇನ್ನೂ ಉಳಿದಿರುವುದನ್ನು ಕಾಯುವುದು ಅಷ್ಟು ಕಷ್ಟವಲ್ಲ.